ಗಿರಣಿ ನಡೆದಿತ್ತು

ಮೊದಲು ನಡುಗಿದ್ದು ಬಲಗೈಯ ಹೆಬ್ಬೆರಳು.

ಹಾಗೆಂದು ಹೇಳುವುದು ರೂಢಿಯಾಗಿದೆ. ಬೆಳಗಾವಿಯ ನ್ಯೂರಾಲಜಿಸ್ಟ್ ಮೊದಲ ದಿನವೇ ಕೇಳಿದ್ದರು, ಯಾವ ಬೆರಳು, ಯಾವಾಗಿನಿಂದ ಎಂದು. ಏನಾದರೂ ಹೇಳಬೇಕಿತ್ತು. ಹೆಬ್ಬೆರಳು ಅಂದೆ. ಯುಗಾದಿ ಹೊತ್ತಿಗೆ ಅಂದೆ. ಅವರು ಬರೆದುಕೊಂಡರು. ಫೈಲಿನಲ್ಲಿ ಇಳಿದ ಮೇಲೆ ಅದೇ ಖರೆ ಆಯಿತು. ಮುಂದೆ ಎಷ್ಟೋ ಡಾಕ್ಟರರ ಮುಂದೆ ಅದನ್ನೇ ಪಾಠದಂತೆ ಒಪ್ಪಿಸಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನನ್ನ ಗಂಡನ ಆ ಕೈಯನ್ನು ನಾವು ಬಹಳ ದಿನ ನೋಡಿದೆವು, ನೋಡಿ ಸಂತೋಷಪಟ್ಟೆವು.

ಏಕೆಂದರೆ ಅದು ತಾಳ ಅಂದುಕೊಂಡಿದ್ದೆವು.

ನನ್ನ ಗಂಡ ಗೋಕಾಕದಲ್ಲಿ ಹಲ್ಲಿನ ಡಾಕ್ಟರ್. ಮಂಗಳವಾರ ಮೂಡಲಗಿಗೆ ಹೋಗಿ, ದಸ್ತಗೀರ ಅನ್ನುವ ಟೇಲರರ ಅಂಗಡಿಯ ಬಾಜೂ ಕೋಣೆಯಲ್ಲಿ ಕೂತು ಹಲ್ಲು ನೋಡುತ್ತಿದ್ದರು. ದಸ್ತಗೀರ ತಬಲಾ ನುಡಿಸುತ್ತಿದ್ದರು. ಇವರು ಹಾಡುತ್ತಿದ್ದರು. ಕಛೇರಿ ಮಾಡುವಂಥ ಹಾಡುಗಾರಿಕೆ ಅಲ್ಲ, ಹಾಡದೆ ಇರಲಾಗದವರ ಹಾಡುಗಾರಿಕೆ. ಬಾಯೊಳಗೆ ಕನ್ನಡಿ ಇಟ್ಟು ಹಿಂದಿನ ದವಡೆ ನೋಡುವಾಗಲೂ ಗುನುಗು ನಿಲ್ಲುತ್ತಿರಲಿಲ್ಲ. ನನ್ನ ಮುಂದ ಕುಂತ ಮಂದಿ ಎದ್ದು ಹೋಗಾಂಗಿಲ್ಲ, ಎಲ್ಲಾರೂ ಬಾಯಿ ಬಿಟ್ಟ ಕೇಳ್ತಾರ ಎಂದು ನಗಿಸುತ್ತಿದ್ದರು. ಗೋಕಾಕದ ಮಂದಿ ಹಲ್ಲಿಗೆ ಅಂಟುವ ಕರದಂಟು ತಿನ್ನುವ ತನಕ ನನಗೆ ಕೇಳುಗರ ಕೊರತೆ ಇಲ್ಲ ಅನ್ನುತ್ತಿದ್ದರು. ಹಲ್ಲಿನ ಸೆಟ್ ಕೂಡಿಸುವ ಮೊದಲು ಎಂಥ ಮುದುಕರಿಂದಲೂ ಸಾ, ನೀ, ಸಾ ಎಂದು ಹಾಡಿಸುತ್ತಿದ್ದರು. 'ಸಾ' ಅನ್ನುವಾಗ ಗಾಳಿ ಸೋರಿದರೆ ಮುಂದಿನ ಹಲ್ಲು ಮತ್ತೆ ಕೂಡಿಸಬೇಕು. ಕುಲಗೋಡದ ಒಬ್ಬ ಅಜ್ಜಿ ಸೆಟ್ ಕೈಯಲ್ಲಿ ಹಿಡಿದುಕೊಂಡು, ನಾ ರೊಟ್ಟಿ ತಿನ್ನಾಕ ಹಲ್ಲ ಕೇಳೇನಿ, ಹಾಡಾಕಲ್ಲೋ ಎಪ್ಪಾ ಎಂದು ಬೈದಿದ್ದಳು.

ನಮ್ಮ ದವಾಖಾನೆಗೂ ಪರಪ್ಪನ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಮೇಲೆ ಮನೆ, ಕೆಳಗೆ ದವಾಖಾನೆ, ಪಕ್ಕದಲ್ಲಿ ಗಿರಣಿ. ಬೇರೆಯವರು ಆ ಸದ್ದಿಗೆ ಮನೆ ಬಿಟ್ಟಾರು. ಇವರು ಅದಕ್ಕೇ ಮನೆ ಹಿಡಿದವರು. ಗಿರಣಿಯ ಕರೆಂಟ್ ಮೋಟಾರು ಹಾರ್ಮೋನಿಯಂನ ಮೊದಲ ಕರಿ ಮನೆಯ ಸ್ವರದಲ್ಲಿ ನಿಲ್ಲುತ್ತದೆ, ಖರ್ಚಿಲ್ಲದ ತಂಬೂರಿ ಎಂದು ಖುಷಿಪಡುತ್ತಿದ್ದರು. ಹಾಡೆಲ್ಲ ಅದೇ ಶ್ರುತಿಯಲ್ಲಿ. ಕಾಳು ಬದಲಾದರೆ ಸ್ವರ ಒಂದೆಳೆ ಬದಲಾಗುತ್ತದಂತೆ. ಡ್ರಿಲ್ ನಿಲ್ಲಿಸಿ, ಜ್ವಾಳಾ ಮುಗೀತು, ಈಗ ಗೋದಿ ಹಾಕ್ಯಾರ ಅನ್ನುತ್ತಿದ್ದರು. ನನಗೆ ಎಂದೂ ವ್ಯತ್ಯಾಸ ತಿಳಿದಿಲ್ಲ.

ಇಂಥ ಮನುಷ್ಯನ ಬೆರಳು ಸುಮ್ಮನಿರುತ್ತಿತ್ತೇ. ಊಟದ ತಾಟಿನ ಅಂಚಿಗೆ, ಬಸ್ಸಿನ ಸೀಟಿಗೆ, ಮಗಳು ಅಶ್ವಿನಿ ಸಣ್ಣವಳಿದ್ದಾಗ ಅವಳ ಬೆನ್ನಿಗೆ. ಹಾಗಾಗಿ ಅರವತ್ತು ದಾಟಿದ ಮೇಲೆ ಸೋಫಾದ ಕೈಮೇಲೆ ಬಲಗೈ ತಾನಾಗಿ ಆಡತೊಡಗಿದಾಗ, ಒಳಗೆ ಯಾವುದೋ ರಾಗ ನಡೆದಿದೆ ಅಂದುಕೊಂಡು ನಾನು ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದೆ. ಬಂದವರಿಗೆ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದೆ. ಒಂದು ರೋಗಕ್ಕೆ ನಾನು ಹೀಗೆ ಮರ್ಯಾದೆ ಕೊಟ್ಟೆ, ಬಹುಶಃ ಒಂದು ವರ್ಷ.

ಕಂಡುಹಿಡಿದದ್ದು ದಸ್ತಗೀರ. ಸೋಮವಾರ ಸಂಜೆ ಅವರು ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದರು, ಇಬ್ಬರೂ ಹಾಡಿಕೊಂಡು ನುಡಿಸಿಕೊಂಡು ಕೂಡುತ್ತಿದ್ದರು. ಅಂದು ಹಾಡು ಮುಗಿದಿತ್ತು. ಚಹಾ ಕುಡಿಯುತ್ತಿದ್ದರು. ಇವರ ಕೈ ತೊಡೆಯ ಮೇಲಿತ್ತು. ದಸ್ತಗೀರ ಕಪ್ಪು ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡಿದರು.

"ಡಾಕ್ಟರ್ರ, ಇದ್ಯಾವ ತಾಳರಿ? ನಾ ಆವಾಗಿಂದ ಎಣಸಾಕತ್ತೇನಿ. ಸಮ್ ಬರವಲ್ದು."

ತಾಳ ಒಂದು ಸುತ್ತು ಹೊಡೆದು ಬಂದು ಬೀಳುವ ಮೊದಲ ಪೆಟ್ಟಿಗೆ ಅವರು ಸಮ್ ಅನ್ನುತ್ತಾರೆ. ಎಷ್ಟೇ ದೂರ ಹೋದರೂ ಅಲ್ಲಿಗೆ ಬರಲೇಬೇಕು. ಹೊಸಾ ತಾಳ ಕಟ್ಟಾಕತ್ತೇನಿ ಎಂದು ಇವರು ನಕ್ಕರು. ನಕ್ಕು, ತಮ್ಮ ಕೈಯನ್ನು ಬೇರೆ ಯಾರದೋ ಕೈಯಂತೆ ನೋಡಿದರು. ನಾನೂ ನೋಡಿದೆ. ನಗು ನಿಂತರೂ ಬೆರಳು ನಿಲ್ಲಲಿಲ್ಲ.

ಪಾರ್ಕಿನ್ಸನ್ಸ್.

ಬೆಳಗಾವಿಯ ಡಾಕ್ಟರ್ ಬೆರಳು ಬಡಿಯಿರಿ ಎಂದರು, ನಡೆಯಿರಿ ಎಂದರು, ಹೆಸರು ಬರೆಯಿರಿ ಎಂದರು. ಹೆಸರಿನ ಅಕ್ಷರಗಳು ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಇರುವೆಗಳಾದವು. ಇವರು ರೋಗಿಯಂತೆ ಅಲ್ಲ, ಡಾಕ್ಟರಂತೆ ಕೇಳಿದರು: ಇದು ಕೈ ಸುಮ್ಮನಿದ್ದಾಗಷ್ಟೇ ಬರುವ ರೆಸ್ಟ್ ಟ್ರೆಮರ್ ಅಲ್ಲವೇ, ಉಪಕರಣ ಹಿಡಿದರೆ ನಿಂತುಬಿಡುತ್ತದೆ, ಕೆಲಸ ಮಾಡಬಹುದಲ್ಲ. ಸದ್ಯ ಮಾಡಬಹುದು, ಮುಂದೆ ನಡುಕಕ್ಕಿಂತ ಕೈ ನಿಧಾನವಾಗುವುದು ತೊಂದರೆ ಕೊಡುತ್ತದೆ ಎಂದು ಆ ಡಾಕ್ಟರ್ ಹೇಳಿದರು. ಯಾವಾಗ ನಿಲ್ಲಿಸಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ ಎಂದರು. ಗೊತ್ತಾಗದಿದ್ದರೆ ಇವರಿಗೆ ಗೊತ್ತಾಗುತ್ತದೆ ಎಂದು ನನ್ನನ್ನು ನೋಡಿದರು.

ಸಹಾಯಕ್ಕೆ ಇದ್ದ ಹುಡುಗಿ ಮದುವೆಯಾಗಿ ಹೋದಂದಿನಿಂದ ದವಾಖಾನೆಯಲ್ಲಿ ಉಗುಳು ಎಳೆಯುವ ಸಕ್ಷನ್ ಹಿಡಿಯುವವಳು, ಸಿಮೆಂಟ್ ಕಲಸುವವಳು ನಾನೇ. ಆ ಕೈಯನ್ನು ನನಗಿಂತ ಹತ್ತಿರದಿಂದ ನೋಡುವವರು ಯಾರೂ ಇರಲಿಲ್ಲ.

ಅಶ್ವಿನಿ ನಿಡಸೋಸಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಹುಕ್ಕೇರಿಯಲ್ಲಿ ಮನೆ. ವಿಷಯ ಕೇಳಿ ಮರುದಿನವೇ ಬಂದು, ಅಪ್ಪಾಜಿ ನಾಳಿಂದನ ಬಂದ್ ಮಾಡ್ರಿ ಎಂದಳು. ಇವರು ವಾದ ಮಾಡಲಿಲ್ಲ. ಹಲ್ಲು ಕೀಳುವುದನ್ನು ಅಂದೇ ಬಿಟ್ಟರು. ತುಂಬುವುದು, ಕ್ಯಾಪ್, ಸೆಟ್, ಇಷ್ಟು ಮಾತ್ರ ಎಂದರು. ಆಮೇಲೆ ಎಡಗೈಯಿಂದ ಬಲಗೈ ಹಿಡಿದುಕೊಂಡು ಹೇಳಿದರು.

"ಕನ್ನಡಿ ಹಿಡದ್ರ ನಿಲ್ತೈತಿ. ಬಿಟ್ರ ಕುಣೀತೈತಿ. ಮತ್ತ ನೀವು ಬಿಡು ಅಂತೀರಿ."

ಕೆಲಸ ಬಿಡುವುದೆಂದರೆ ದಿನವಿಡೀ ಆ ನಡುಕದ ಜೊತೆ ಕೂಡುವುದು. ಕೊನೆಗೆ ಒಪ್ಪಂದವಾಯಿತು: ಏನಾದರೂ ಫರಕು ಕಂಡ ದಿನ ಅವ್ವ ಹೇಳಬೇಕು, ಅಪ್ಪ ಅಂದೇ ನಿಲ್ಲಿಸಬೇಕು. ನಾನು ಹೂಂ ಅಂದೆ.

ಹೇಳಲಿಲ್ಲ.

ಮೇಲವಂಕಿಯ ಒಬ್ಬ ಹೆಣ್ಣುಮಗಳು ಕುರ್ಚಿಯಲ್ಲಿದ್ದಳು. ಹಲ್ಲು ತುಂಬುವ ಕೆಲಸ. ಡ್ರಿಲ್ ತಿರುಗುತ್ತಿತ್ತು. ಅವಳ ತುಟಿಯಿಂದ ಒಂದು ಬೆರಳು ದೂರದಲ್ಲಿ ಕೈ ನಿಂತುಬಿಟ್ಟಿತು. ನಡುಗಲಿಲ್ಲ. ನಿಂತಿತು, ಮುಂದಿನ ಮಾತು ಮರೆತವರ ಹಾಗೆ. ಕಾಲು ಪೆಡಲಿನ ಮೇಲೇ ಇತ್ತು. ಅದೂ ಮೇಲೇಳಲಿಲ್ಲ. ಡ್ರಿಲ್ ಗಾಳಿಯಲ್ಲಿ ಕೂಗುತ್ತಿತ್ತು, ಅವಳು ಕಣ್ಣು ಮುಚ್ಚಿ ಬಾಯಿ ತೆರೆದುಕೊಂಡಿದ್ದಳು. ಮೇನ್ ಸ್ವಿಚ್ ನನ್ನ ಬೆನ್ನಿನ ಹಿಂದೆ. ಯೋಚಿಸಿದೆ ಎಂದು ಹೇಳಲಾರೆ. ಕೈ ಹಿಂದೆ ಹೋಯಿತು, ಸ್ವಿಚ್ ಇಳಿಯಿತು. ಡ್ರಿಲ್, ಕಂಪ್ರೆಸರ್, ಫ್ಯಾನು, ಲೈಟು ಎಲ್ಲ ಒಮ್ಮೆಲೇ ಹೋದವು.

"ಕರೆಂಟ್ ಹೋತ್ರಿ" ಎಂದೆ.

ಹೋಗ್ತಿರತೈತ್ರಿ ಎಂದು ಅವಳು ಬಾಯಿ ಮುಚ್ಚಿ ಆಚೆ ಉಗುಳಿದಳು. ನಮ್ಮ ಕಡೆ ಕರೆಂಟ್ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ನಾಲ್ಕೈದು ನಿಮಿಷಕ್ಕೆ ಇವರ ಬೆರಳು ಮತ್ತೆ ಸಡಿಲವಾದವು. ಬಂತ್ರಿ ಎಂದು ಸ್ವಿಚ್ ಏರಿಸಿದೆ. ಕೆಲಸ ಚೆಂದಾಗಿ ಮುಗಿಯಿತು. ಇವರು ನನ್ನನ್ನು ಏನೂ ಕೇಳಲಿಲ್ಲ. ಗೊತ್ತಾಗಲಿಲ್ಲ ಅಂದುಕೊಂಡೆ, ನನ್ನ ಜಾಣತನಕ್ಕೆ ನಾನೇ ಸಮಾಧಾನಪಟ್ಟುಕೊಂಡೆ.

ಮತ್ತೆ ಮಾಡಿದೆ. ಎಷ್ಟು ಸಲ ಎಂದು ಕೇಳಬೇಡಿ. ನನ್ನ ನೆನಪಿನಲ್ಲಿ ಏಳು ಸಲ. ಮೊದಲು ಹೇಳಿದಾಗ ನೀನು ನಾಕು ಸಲ ಅಂದಿದ್ದೆ ಎಂದು ಅಶ್ವಿನಿ ಅನ್ನುತ್ತಾಳೆ. ಹನ್ನೊಂದೂ ಇರಬಹುದು. ಮುಂದಿನ ಸಲ ನನ್ನ ಕೈ ತಡವಾದರೆ ಯಾರದೋ ನಾಲಿಗೆಯೋ ಕೆನ್ನೆಯೋ ಹರಿಯುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಇವರು ಗುನುಗುತ್ತ ಗ್ಲೋವ್ಸ್ ಹಾಕಿಕೊಳ್ಳುವುದನ್ನು ಕಂಡರೆ, ನಾಳೆ ಹೇಳಿದರಾಯಿತು ಅನಿಸುತ್ತಿತ್ತು.

ಕೊನೆಯ ಸಲ, ಒಂದು ಸಂಜೆ, ಕುರ್ಚಿಯಲ್ಲಿದ್ದವನು ಕುಲಗೋಡದ ಲಗಮಣ್ಣ. ಕ್ಯಾಪ್ ಹಾಕಲು ದವಡೆ ಹಲ್ಲು ಕೊರೆಯಬೇಕಿತ್ತು. ಅರ್ಧ ಕೆಲಸದಲ್ಲಿ ಕೈ ನಿಂತಿತು. ಸ್ವಿಚ್ ಇಳಿಸಿದೆ. ಕರೆಂಟ್ ಹೋತು ಎಂದೆ. ಅಂದ ಮೇಲೆ ನೆನಪಾಯಿತು, ಲಗಮಣ್ಣನ ಕೆಲಸ ಏನೆಂದು.

ಅವನು ಲೈನ್‌ಮನ್.

ಲಗಮಣ್ಣ ಛತ್ತು ನೋಡಿದ. ನಿಂತ ಫ್ಯಾನು ನೋಡಿದ. ನನ್ನನ್ನು ನೋಡಲಿಲ್ಲ. ಬಾಯಿಂದ ಹತ್ತಿ ತೆಗೆದು, ಇಂಜೆಕ್ಷನ್ನಿಗೆ ಸೊಟ್ಟಾದ ಬಾಯಲ್ಲೇ ಬಹಳ ಮರ್ಯಾದೆಯಿಂದ ಹೇಳಿದ.

"ಹೌದ್ರಿ ಅಕ್ಕಾರ, ಹೋತು. ಲೈನಿನ್ಯಾಗ ಏನರ ಆಗಿರ್ಬೇಕು. ಬೇಕಾದ್ರ ನಾ ಕಂಬಾ ನೋಡಿ ಬರ್ತೇನಿ."

ಏಳಲು ಹೊರಟ. ಇವರು ಅವನ ಹೆಗಲ ಮೇಲೆ ಎಡಗೈ ಇಟ್ಟರು.

"ಕುಂದರ ಲಗಮಣ್ಣ." ಆಮೇಲೆ ನನ್ನತ್ತ ತಿರುಗದೆ, "ಗಿರಣಿ ನಡದೈತಿ, ಕಮಲಾ."

ಗಿರಣಿ ನಡೆದಿತ್ತು. ಕಂಪ್ರೆಸರೂ ಫ್ಯಾನೂ ನಿಂತ ಕೋಣೆಯಲ್ಲಿ ಅದೊಂದೇ ಸದ್ದು, ಗೋಡೆಯೇ ಹಾಡುತ್ತಿರುವಷ್ಟು ದೊಡ್ಡದು. ಪ್ರತಿ ಸಲವೂ ನಡೆದಿರಬೇಕು. ಹಗಲೆಲ್ಲ ಕೇಳಿ ಕೇಳಿ ಅದು ನನ್ನ ಕಿವಿಗೆ ಇಲ್ಲದಂತೆ ಆಗಿತ್ತು. ಮೇಲವಂಕಿಯವಳಿಗೆ ಕೇಳಿಸಿತ್ತು. ಬಂದವರೆಲ್ಲರಿಗೂ ಕೇಳಿಸಿತ್ತು. ಅದರ ಶ್ರುತಿಯಲ್ಲಿ ಮೂವತ್ತು ವರ್ಷ ಹಾಡಿದ ಮನುಷ್ಯನಿಂದ ನಾನು ಅದನ್ನು ಬಚ್ಚಿಡಲು ಹೋಗಿದ್ದೆ.

"ಗೋದಿ ಹಾಕ್ಯಾರ" ಎಂದರು.

ಸ್ವಿಚ್ ಹಾಕು ಎಂದರು, ಹಾಕಿದೆ. ಡ್ರಿಲ್ ಮುಟ್ಟಲಿಲ್ಲ. ನಾನು ಟೆಂಪರರಿ ಸಿಮೆಂಟ್ ಕಲಸಿ ಕೊಟ್ಟೆ, ಅದನ್ನು ಹಲ್ಲಿನ ಮೇಲೆ ಕೂಡಿಸುವಷ್ಟು ಬೆರಳು ಮತ್ತೆ ಸಡಿಲವಾಗಿದ್ದವು. ಬೇರೆ ಡಾಕ್ಟರಿಗೆ ಚೀಟಿ ಬರೆಯಲು ಕೂತರು. ಅಕ್ಷರ ಇರುವೆಯಾದವು. ಅವರು ಹೇಳಿದರು, ನಾನು ಬರೆದೆ. ನನ್ನ ಕೈ ನೆಟ್ಟಗಿಲ್ಲ ಲಗಮಣ್ಣ, ಮೊದಲ ಹೇಳಬೇಕಿತ್ತು, ತಪ್ಪಾತು ಎಂದು ಇವರೇ ಹೇಳಿದರು. ಲಗಮಣ್ಣ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬಿಡ್ರಿ ಸರ, ಕಂಬ ಏರವ್ರಿಗೂ ಒಂದ ದಿನಾ ಇಳಿ ಅಂತಾರ ಎಂದು ಹೋದ. ಗ್ಲೋವ್ಸ್ ತೆಗೆಯಲು ಇವರಿಗೆ ಬಹಳ ಹೊತ್ತು ಹಿಡಿಯಿತು. ಬೆರಳು ಬೆರಳಾಗಿ ತೆಗೆದರು. ನಾನು ಸಹಾಯಕ್ಕೆ ಹೋಗಲಿಲ್ಲ.

ಮೇಲೆ ಹೋಗುವ ಮೊದಲು ಮೆಟ್ಟಿಲ ಮೇಲೆ ಕೂತು ಹೇಳಿದರು: ಮೊದಲ ಸಲನ ಗೊತ್ತಾಗಿತ್ತು. ನೀ ಹೇಳ್ತಿ ಅಂತ ನಾ ಕಾದೆ, ನಾ ಬಿಡ್ತೇನಿ ಅಂತ ನೀ ಕಾದಿ.

ಇಷ್ಟು ನೆಟ್ಟಗೆ ಹೇಳಿದರೇ? ಅನುಮಾನವಿದೆ. ಅವರ ದನಿ ಆಗಲೇ ಸಣ್ಣದಾಗಿತ್ತು, ಗಿರಣಿ ನಡೆದೇ ಇತ್ತು. ಅರ್ಧ ಕೇಳಿ ಉಳಿದರ್ಧ ನಾನು ತುಂಬಿಕೊಂಡಿರಬಹುದು. ನನಗೆ ಬೇಕಾದ ಮಾತು ಅದು, ತಪ್ಪನ್ನು ಇಬ್ಬರಿಗೂ ಸಮನಾಗಿ ಹಂಚುವ ಮಾತು. ಅಂಥ ಮಾತು ನೆನಪಿಗೆ ಬಂದಾಗ ಎರಡು ಸಲ ನೋಡಬೇಕು.

ಅಶ್ವಿನಿಗೆ ಎಲ್ಲ ಹೇಳಿದೆವು. ಅವಳು ಅಪ್ಪನನ್ನು ಏನೂ ಅನ್ನಲಿಲ್ಲ. ಅಡುಗೆಮನೆಗೆ ಬಂದು, ಅವ್ವಾ, ಯಾರದರ ನಾಲಿಗಿ ಹರದಿದ್ರ ಎಂದು ಕೇಳಿದಳು. ಹರಿಯಲಿಲ್ಲ ಅನ್ನುವುದು ಉತ್ತರ ಅಲ್ಲ.

ಮುಂದಿನ ನಾಲ್ಕು ವರ್ಷಗಳನ್ನು ಸಾಲಾಗಿ ಹೇಳಲು ಬರುವುದಿಲ್ಲ. ಗುಳಿಗೆಯ ಗಡಿಯಾರ ನೆನಪಿದೆ: ದಿನಕ್ಕೆ ಐದು ಸಲ, ಹತ್ತು ನಿಮಿಷ ಆಚೀಚೆಯಾದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅಂಗಿಯ ಗುಂಡಿ. ಹೊಸ್ತಿಲು, ಬಯಲಲ್ಲಿ ನಡೆಯುವವರು ಹೊಸ್ತಿಲ ಮುಂದೆ ನಿಂತುಬಿಡುತ್ತಿದ್ದರು. ದಸ್ತಗೀರ ಎದುರು ನಿಂತು ದಾದ್ರಾ ತಾಳದಲ್ಲಿ ಚಪ್ಪಾಳೆ ಹೊಡೆದರೆ ಕಾಲು ಕಿತ್ತುಕೊಂಡು ದಾಟುತ್ತಿದ್ದರು. ಇದನ್ನು ಈಗ ಎಲ್ಲರೂ ಹೇಳುತ್ತಾರೆ. ಒಮ್ಮೊಮ್ಮೆ ದಾಟುತ್ತಿರಲಿಲ್ಲ, ದಸ್ತಗೀರ ಚಪ್ಪಾಳೆ ಹೊಡೆದು ಹೊಡೆದು ಕಣ್ಣೊರೆಸಿಕೊಂಡು ಕೂಡುತ್ತಿದ್ದರು. ಅದನ್ನು ಯಾರೂ ಹೇಳುವುದಿಲ್ಲ.

ಜೊಲ್ಲು ಸೋರತೊಡಗಿದಾಗ ದವಾಖಾನೆಯ ಡಬ್ಬಿಯಲ್ಲಿ ಉಳಿದಿದ್ದ, ರೋಗಿಗಳ ಎದೆಗೆ ಕಟ್ಟುವ ಕಾಗದದ ಬಟ್ಟೆಯನ್ನೇ ಅವರಿಗೆ ಕಟ್ಟಿದೆ. ಬೆಳಗಿನ ಹೊತ್ತು, ದನಿ ಸ್ವಲ್ಪ ಇತ್ತು. ಈಗ ಪೇಷಂಟ್ ನಾ ಆದ್ನಿ, ಹಾಡೋರು ಯಾರ ಎಂದರು. ನಾನು ಹಾಡಿದೆ. ನನಗೆ ಶ್ರುತಿ ಗೊತ್ತಿಲ್ಲ, ನಮ್ಮ ಮದುವೆಯಾದಂದಿನಿಂದ ಇದು ಅವರ ಸಣ್ಣ ದುಃಖ. ಆ ಹೊತ್ತಿಗೆ ಮುಖದ ಮೇಲೆ ಸಿಟ್ಟು, ನಗು ಯಾವುದೂ ಮೂಡುತ್ತಿರಲಿಲ್ಲ, ಮಾಸ್ಕ್ ಫೇಸ್ ಅನ್ನುತ್ತಾರೆ. ನಾನು ಮೇಲಿನ ಸ್ವರಕ್ಕೆ ಹೋಗಿ ತಪ್ಪಿದಾಗ ಎಡ ಹುಬ್ಬು ಮೇಲೆದ್ದಿತು. ಎರಡನೇ ಸಲ ಬೇಕೆಂದೇ ತಪ್ಪಿದೆ. ಮತ್ತೆ ಎದ್ದಿತು. ಅಂದಿನಿಂದ ದಿನಾ ಬೆಳಿಗ್ಗೆ ಬಟ್ಟೆ ಕಟ್ಟುವಾಗ ಒಂದು ತಪ್ಪು ಸ್ವರ ಹಾಡುತ್ತಿದ್ದೆ. ಹುಬ್ಬು ಎದ್ದರೆ ಆ ದಿನ ಪರವಾಗಿಲ್ಲ ಎಂದು ಲೆಕ್ಕ.

ಕೊನೆಯ ವರ್ಷ ಅವರಿಗೆ ಸಂಗೀತ ಬೇಡವಾಗಿತ್ತು. ಅಶ್ವಿನಿ ಮೊಬೈಲಿನಲ್ಲಿ ಹಚ್ಚಿದರೆ ಸಾಕು ಅನ್ನುವಂತೆ ಕಣ್ಣು ಮುಚ್ಚುತ್ತಿದ್ದರು. ಕೇಳುವುದೂ ಒಂದು ಕೆಲಸ, ಅದಕ್ಕೂ ಶಕ್ತಿ ಬೇಕು ಎಂದು ನನಗೆ ಆಗ ತಿಳಿಯಿತು. ಗಿರಣಿಗೆ ಮಾತ್ರ ಅವರು ಕಣ್ಣು ಮುಚ್ಚಲಿಲ್ಲ. ಅಥವಾ ಅದು ಬೇಡವೆಂದು ಹೇಳುವ ದಾರಿ ಅವರಿಗೆ ಇರಲಿಲ್ಲ.

ಗಂಜಿ ಶ್ವಾಸಕೋಶಕ್ಕೆ ಇಳಿಯಿತು. ಆಸ್ಪಿರೇಷನ್ ನ್ಯುಮೋನಿಯಾ. ಬೆಳಗಾವಿಯ ಐಸಿಯುನಲ್ಲಿ ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ, ನಾನು ಹೊರಗೆ ಅಶ್ವಿನಿ ತಂದ ಇಡ್ಲಿ ತಿನ್ನುತ್ತಿದ್ದಾಗ.

ಹುಕ್ಕೇರಿಯ ಅವರ ಹಿರಿಯರ ಹೊಲದಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಮಂದಿ ಕೂಡಿದ್ದರು. ಮಾತಾಡಿದವರೊಬ್ಬರು ಮೈಕ್ ಹಿಡಿದು, ಡಾಕ್ಟರ ಕೈ ಕೊನೇ ಉಸಿರಿನ ತನಕ ತಾಳ ಹಾಕುತ್ತಲೇ ಇತ್ತು ಎಂದರು. ಜನ ಕಣ್ಣೊರೆಸಿಕೊಂಡರು. ನಾವು ಮಾಡಿದ್ದ ತಪ್ಪನ್ನೇ ಎಲ್ಲರೂ ಮತ್ತೊಮ್ಮೆ ಮಾಡುತ್ತಿದ್ದರು. ನಾನು ಎದ್ದು ನಿಲ್ಲುವವಳಿದ್ದೆ. ಪಕ್ಕದ ಸಾಲಿನಲ್ಲಿದ್ದ ದಸ್ತಗೀರ ನನ್ನತ್ತ ಬಾಗಿ, "ಸುಳ್ಳ ಐತ್ರಿ ಅಕ್ಕಾರ, ಆದ್ರ ಛಲೋ ಐತಿ. ಕುಂದರ್ರಿ" ಎಂದರು. ಕೂತೆ. ಕೂತದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಸತ್ತ ಮನೆಗೆ ಬುತ್ತಿ ತರುತ್ತಾರೆ. ಪರಪ್ಪ ಮತ್ತು ಅವನ ಹೆಂಡತಿ ರೊಟ್ಟಿ, ಝುಣಕ, ಮೊಸರು ತಂದರು. ಅವಳು ಒಳಗೆ ಹೋದಳು. ಪರಪ್ಪ ಬಾಗಿಲಲ್ಲೇ ನಿಂತು, ಟೊಪ್ಪಿಗೆ ಕೈಯಲ್ಲಿ ತಿರುವುತ್ತ ಹೇಳಿದ.

"ಅಕ್ಕಾರ, ಆವಾಗ ನಿಮ್ಮ ದವಾಖಾನಿ ಬೋರ್ಡಿನ ಲೈಟ್ ಹೋಗಿದ್ದ ನೋಡಿ ಎರಡ ಸಲ ನಾನೂ ಗಿರಣಿ ಬಂದ್ ಮಾಡಿದ್ನಿರಿ. ಡಾಕ್ಟರ್ರ ಕೈ ಸಂಗತಿ ಓಣ್ಯಾಗ ಗೊತ್ತಿತ್ತು. ಮುಂದ ಮಂದಿ ಪಾಳಿ ಹಚ್ಚಿ ನಿಲ್ಲಾಕತ್ರು, ಆಗಲಿಲ್ಲ."

ಗಿರಣಿ ನಿಂತದ್ದು ನನಗೆ ನೆನಪಿಲ್ಲ. ನಡೆದದ್ದೇ ಕೇಳಿಸದವಳಿಗೆ ನಿಂತದ್ದು ಹೇಗೆ ಕೇಳಿಸೀತು. ಇವರಿಗೆ ಕೇಳಿಸಿರಬೇಕು. ಕೇಳಿಸಿದ್ದರೆ, ಇಡೀ ಓಣಿಯೇ ತನ್ನ ಕೈಗಾಗಿ ಸುಳ್ಳು ಹೇಳುತ್ತಿದೆ ಎಂದು ಅವರಿಗೆ ಅಂದೇ ತಿಳಿದಿರಬೇಕು. ಅಥವಾ ಪರಪ್ಪ ಇದನ್ನು ಈಗ ಮಾಡಿಕೊಂಡು ತಂದನೋ, ಅವನ ಹೆಂಡತಿ ರೊಟ್ಟಿ ಮಾಡಿಕೊಂಡು ತಂದ ಹಾಗೆ. ಸತ್ತ ಮನೆಗೆ ಬಂದ ಬುತ್ತಿಯ ಉಪ್ಪು ನೋಡಬಾರದು. ತೆಗೆದುಕೊಂಡೆ.

ಈಗ ಮನೆಯಲ್ಲಿ ನಾನು, ಶನಿವಾರ ಭಾನುವಾರ ಅಶ್ವಿನಿ. ಕೆಳಗಿನ ಕೋಣೆ ಮುಚ್ಚಿದೆ. ಸಂಜೆ ಕಿಟಕಿಯ ಹತ್ತಿರ ಕೂತು ಗಿರಣಿ ಕೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಮೊನ್ನೆ ಸದ್ದು ಒಂದೆಳೆ ಸರಿದಂತೆ ಅನಿಸಿತು. ಬಾಗಿ ಕೂಗಿದೆ, ಪರಪ್ಪ, ಗೋದಿ ಹಾಕಿದ್ಯಾ ಎಂದು.

ಹಿಟ್ಟು ಹತ್ತಿದ ಹುಬ್ಬು ಮೇಲೆತ್ತಿ ನನ್ನನ್ನು ನೋಡಿದ.

"ಇಲ್ಲರಿ ಅಕ್ಕಾರ, ಜ್ವಾಳಾನ ಐತಿ. ಮುಗ್ಯಾಕ ಬಂದೈತಿ, ಆಮ್ಯಾಲ ಗೋದಿ ಹಾಕ್ತೇನಿ, ನಿಂದರ್ರಿ."

ನಿಂತೆ.